ಎಂಟಡಿ ನಾಲ್ಕಡಿಯ ಬಡಗಿ

ಸಂಡೂರಿನಂಥ ಊರಿನಲ್ಲಿ, ಮನೆಯ ಹಿಂದಿನ ತಗಡಿನ ಚಪ್ಪರದಡಿ, ಎಂಟಡಿ ಉದ್ದ ನಾಲ್ಕಡಿ ಅಗಲದ ಹಲಗೆಯನ್ನು ತಾನೇ ಕೊರೆಯುವ ಯಂತ್ರವೊಂದನ್ನು ಕಟ್ಟಲು ಹೊರಟವನನ್ನು ಜನ ಏನೆಂದಾರು? ನಮ್ಮ ಬೀದಿಯವರು ಸಂಭಾವಿತರು. “ರಿಟೈರಾದ ಮೇಲೆ ಹೊತ್ತು ಹೋಗಬೇಕಲ್ಲ” ಎಂದರು. ನನ್ನ ಹೆಂಡತಿ ಅಷ್ಟನ್ನೂ ಹೇಳಲಿಲ್ಲ. ಖರ್ಚಿನ ಪುಸ್ತಕದಲ್ಲಿ ಹೊಸ ಪುಟ ತೆರೆದು, ‘ಯಂತ್ರ’ ಎಂದು ಬರೆದು, ಕೆಳಗೆ 1,20,000 ಎಂದು ಕೆಂಪು ಶಾಯಿಯಲ್ಲಿ ಗಡಿ ಹಾಕಿಟ್ಟಳು.

ಈ ಯಂತ್ರಕ್ಕೆ ಸಿಎನ್‌ಸಿ ರೌಟರ್ ಎಂದು ಹೆಸರು. ಕಂಪ್ಯೂಟರು ಅಂಕೆಗಳಲ್ಲಿ ಅಪ್ಪಣೆ ಕೊಡುತ್ತದೆ. ಮೋಟಾರುಗಳು ಅದರಂತೆ ಉದ್ದಕ್ಕೆ, ಅಡ್ಡಕ್ಕೆ, ಮೇಲಕ್ಕೆ ಕೆಳಕ್ಕೆ ಸರಿಸುತ್ತವೆ. ತುದಿಯಲ್ಲಿ ಗಿರ್ರನೆ ತಿರುಗುವ ಅಲಗು ಮರವನ್ನು ಕೊರೆಯುತ್ತದೆ. ಇದರ ಹಿರಿಯಜ್ಜನನ್ನು 1952ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಲೋಕಕ್ಕೆ ತೋರಿಸಿದರು; ಅದು ಕಾಗದದ ಪಟ್ಟಿಯ ರಂಧ್ರಗಳನ್ನು ಓದಿ ಲೋಹ ಕೊರೆಯುತ್ತಿತ್ತು. ಇಂದು ಮಿದುಳೆಂದರೆ ಅಂಗೈಯಗಲದ ಆರ್ಡಿನೊ ಫಲಕ. ಅದರೊಳಗಿನ ವಿದ್ಯೆ, 2009ರಲ್ಲಿ ನಾರ್ವೆಯವನೊಬ್ಬ ಬರೆದು ಊರಿಗೆಲ್ಲ ಬಿಟ್ಟುಕೊಟ್ಟ ಜಿಆರ್‌ಬಿಎಲ್. ವಿದ್ಯೆ ಪುಕ್ಕಟೆ, ಕಬ್ಬಿಣಕ್ಕೇ ದುಡ್ಡು.

ಇಷ್ಟೆಲ್ಲ ಏತಕ್ಕೆ ಎನ್ನುವಿರೇನೋ. ಎದುರುಮನೆಯ ಆಚಾರ್ರ ಸಲುವಾಗಿ. ನಮ್ಮ ಬೀದಿಯ ದೇವರಮನೆಗಳ ಬಾಗಿಲೆಲ್ಲ ಅವರ ಕೈಯವೇ. ಈಗ ಜನ ಮೊಬೈಲಿನಲ್ಲಿ ಚಿತ್ರ ತೋರಿಸಿ, ಪೇಟೆಯಿಂದ ಯಂತ್ರದಲ್ಲಿ ಕೊರೆದ ಬಾಗಿಲನ್ನು ವಾರದೊಳಗೆ ತರಿಸಿಕೊಳ್ಳುತ್ತಾರೆ. ಹೋದ ವರ್ಷ ಆಚಾರ್ರಿಗೆ ಸಿಕ್ಕಿದ್ದು ಎರಡೇ ಬಾಗಿಲು. ಮಗ ತೋರಣಗಲ್ಲಿನ ಕಾರ್ಖಾನೆಗೆ ಗುತ್ತಿಗೆ ಕೆಲಸಕ್ಕೆ ಅರ್ಜಿ ಹಾಕಿದ್ದ. ಸಿದ್ಧ ಯಂತ್ರಕ್ಕೆ ಹಲವು ಲಕ್ಷ ಬೇಕು. ನಾವೇ ಒಂದನ್ನು ಕಟ್ಟೋಣ, ನಿಮ್ಮ ಮನೆಯಲ್ಲೇ ದುಡಿಯಲಿ ಎಂದೆ. ಮುದುಕರು ಬಹಳ ಹೊತ್ತು ಸುಮ್ಮನಿದ್ದು, “ನನ್ನ ಕೈ ಕಡಿಯಾಕ ನನ್ನನ್ನೇ ಕರೀತೀರಲ್ರೀ ಸಾರ್” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಅಳತೆಪಟ್ಟಿ ಹಿಡಿದು ಬಂದರು.

ಉದ್ದ ಹೆಚ್ಚಿದಂತೆ ಯಂತ್ರದ ಬೆಲೆ ಏಕೆ ಅಷ್ಟು ಏರುತ್ತದೆಂಬುದು ಕಟ್ಟುವಾಗ ತಿಳಿಯುತ್ತದೆ. ಅಡ್ಡತೊಲೆಯ ಉದ್ದವನ್ನು ಇಮ್ಮಡಿ ಮಾಡಿದರೆ, ಅದೇ ಭಾರಕ್ಕೆ ಅದು ಬಾಗುವುದು ಇಮ್ಮಡಿಯಲ್ಲ, ಎಂಟು ಪಟ್ಟು. ಉದ್ದನೆಯ ತಿರುಪುದಂಡ ವೇಗವಾಗಿ ತಿರುಗಿದರೆ ಮಕ್ಕಳಾಡುವ ಹಗ್ಗದಂತೆ ಕುಣಿಯುತ್ತದೆ. ಆದ್ದರಿಂದ ಎಂಟಡಿಯ ಕಡೆಗೆ ಹಲ್ಲುಪಟ್ಟಿ, ನಾಲ್ಕಡಿಯ ಕಡೆಗೆ ಮಾತ್ರ ತಿರುಪು. ಚೌಕಟ್ಟಿಗೆ ಹೊಸಪೇಟೆಯ ಗುಜರಿಯಿಂದ ಹಳೆಯ ಉಕ್ಕಿನ ತೊಲೆಗಳು ತೂಕದ ಲೆಕ್ಕದಲ್ಲಿ ಬಂದವು. ಅಗ್ಗವಾಗಿ ಸಿಗದ್ದು ಜಾರುಹಳಿ. ಅದು ಚೀನಾದಿಂದ ಬರಬೇಕು. ನಮ್ಮ ಬೆಟ್ಟಗಳ ಅದಿರು ಲಾರಿಗಟ್ಟಲೆ ಬಂದರು ಸೇರಿ ಹಡಗೇರಿ ಚೀನಾಕ್ಕೆ ಹೋದ ಕಾಲವನ್ನು ಕಣ್ಣಾರೆ ಕಂಡವನು ನಾನು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಬೀದಿಗೆ ಬೀದಿಯೇ ಮೌನವಾದುದನ್ನೂ ಕಂಡೆ. ಹಳಿಯ ಪೆಟ್ಟಿಗೆ ಬಿಚ್ಚಿದಾಗ ಎಣ್ಣೆ ಹಚ್ಚಿದ ಆ ಹೊಳಪಿನ ಮೇಲೆ ಬೆರಳಾಡಿಸಿ, ನೀನು ನಮ್ಮೂರ ಮಣ್ಣೇ ಇರಬಹುದೇ ಎಂದುಕೊಂಡೆ. ತವರಿಗೆ ಬಂದ ಮಗಳಿಗೆ ಯಾರೂ ಇಷ್ಟು ಸುಂಕ ತೆತ್ತಿರಲಾರರು!

ಬೆಸುಗೆಯ ಕಾವಿಗೆ ಉಕ್ಕು ಸೊಟ್ಟಗಾಗುತ್ತದೆ. ಮೋಟಾರು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಸುತ್ತಿಗೆ 5 ಮಿಲಿಮೀಟರು ಸರಿಯುವ ತಿರುಪಿನಲ್ಲಿ ಒಂದು ಹೆಜ್ಜೆಯೆಂದರೆ ಮಿಲಿಮೀಟರಿನ ನಲವತ್ತನೆಯ ಪಾಲು. ಆದರೆ ಕಾಲಡಿಯ ಚೌಕಟ್ಟೇ ಸೊಟ್ಟಗಿದ್ದರೆ ಆ ನವಿರಿನಿಂದ ಏನು ಬಂತು? ಲೇತಿನ ಅಂಗಡಿಯಲ್ಲಿ ಅದನ್ನು ಕೆತ್ತಿಸಿ ಮಟ್ಟ ಮಾಡಿಸಲು ಕೇಳಿದ ಹಣ ಕೆಂಪು ಶಾಯಿಯ ಗಡಿ ದಾಟುತ್ತಿತ್ತು. ಬಡವರ ದಾರಿ ಬೇರೆಯಿದೆ: ಎರಡೂ ತೊಲೆಗಳ ಮೇಲೆ ಅಂಚು ಕಟ್ಟಿ, ನಡುವೆ ಒಂದು ಕಾಲುವೆ ಮಾಡಿ, ತೆಳುವಾದ ಎಪಾಕ್ಸಿಯನ್ನು ಸುರಿದುಬಿಡುವುದು. ಅದು ಕೆರೆಯ ನೀರಿನಂತೆ ತಾನೇ ಎರಡೂ ಕಡೆ ಒಂದೇ ಮಟ್ಟಕ್ಕೆ ನಿಂತು, ಹಾಗೆಯೇ ಗಟ್ಟಿಯಾಗುತ್ತದೆ. ಆಚಾರ್ರಿಗೆ ಇದು ಹೊಸದೆನಿಸಲಿಲ್ಲ. ಕೊಳವೆಯಲ್ಲಿ ನೀರು ತುಂಬಿ ಮಟ್ಟ ಹಿಡಿಯುವವರು ಅವರು. ಆ ರಾತ್ರಿ ಕೆಂದೂಳು ಬೀಳದಂತೆ ಸುತ್ತಲೂ ಒದ್ದೆ ಗೋಣಿ ಕಟ್ಟಿ, ಅಲ್ಲೇ ಚಾಪೆ ಹಾಸಿ ಮಲಗಿದರು.

ಅಡ್ಡತೊಲೆಯನ್ನು ನೇರಕ್ಕೆ ಕೂರಿಸಿದವರೂ ಅವರೇ. ಮೂರಡಿ, ನಾಲ್ಕಡಿ ಗುರುತು ಮಾಡಿ, ನಡುವೆ ಐದಡಿ ಬರುವವರೆಗೆ ಕೊಡತಿಯಿಂದ ತಟ್ಟಿದರು. ಆಮೇಲೆ ಮೂಲೆಯಿಂದ ಮೂಲೆಗೆ ದಾರ ಹಿಡಿದರು. 1200ಕ್ಕೆ 2400 ಮಿಲಿಮೀಟರಿನ ಚೌಕಕ್ಕೆ ಕರ್ಣ 2683 ಎಂದು ನಾನು ಲೆಕ್ಕ ಹಾಕುವಷ್ಟರಲ್ಲಿ, ಎರಡು ಕರ್ಣಗಳೂ ಸಮವಾದರೆ ಸಾಕಲ್ಲವೆ, ಸಂಖ್ಯೆ ಯಾಕ ಬೇಕು ಎಂದರು. ಹಂಪಿಯ ಬಂಡೆಗಳ ಮೇಲೆ ಸಾಲು ತಪ್ಪದೆ ನಿಂತಿರುವ ಬೆಣೆಗುಳಿಗಳನ್ನು ಕಂಡವರಿಗೆ ಈ ಮಾತಿನ ವಂಶ ತಿಳಿದೀತು.

ಉಳಿದದ್ದರಲ್ಲಿ ಹೇಳುವಂಥದು ಕಡಿಮೆ. ಕೊರೆಯುವುದಕ್ಕೆ ಬಡಗಿಗಳ ಕೈರೌಟರನ್ನೇ ಬಿಗಿದೆವು. ಕರೆಂಟು ಹೋದರೆ ಯಂತ್ರ ತಾನೆಲ್ಲಿದ್ದೆನೆಂಬುದನ್ನೇ ಮರೆಯುತ್ತದೆ. ಮನೆ ಗುರುತಿಸಲು ಮೂಲೆಗೊಂದು ಸ್ವಿಚ್ಚು ಬೇಕಾಯಿತು. ಒಟ್ಟು 1,31,000 ರೂಪಾಯಿ. ಹೆಚ್ಚಿನದನ್ನು ಹೆಂಡತಿ ‘ಧರ್ಮ’ ಎಂಬ ಖಾತೆಗೆ ಬರೆದಳು.

ಮೊದಲ ಬಾಗಿಲಿಗೆ ಆಚಾರ್ರ ಹಳೆಯ ಬಳ್ಳಿಯನ್ನೇ ಮಗ ಕಂಪ್ಯೂಟರಿಗೆ ಇಳಿಸಿದ. ಯಂತ್ರ ಊಟದ ಹೊತ್ತಿಗೆ ಮುಗಿಸಿತು. ಮುದುಕರು ಕನ್ನಡಕ ಏರಿಸಿ, ಒಂದೊಂದು ಚೌಕದೊಳಗೂ ಬೆರಳಿಟ್ಟು ನೋಡಿ, ಸಣ್ಣಗೆ ನಕ್ಕರು. ತಿರುಗುವ ಅಲಗು ದುಂಡು. 6 ಮಿಲಿಮೀಟರಿನ ಅಲಗು ಪ್ರತಿ ಒಳಮೂಲೆಯಲ್ಲೂ 3 ಮಿಲಿಮೀಟರಿನ ದುಂಡನ್ನು ಬಿಟ್ಟೇ ಹೋಗುತ್ತದೆ. ಸಣ್ಣ ಅಲಗು ಹಾಕಿದರೆ ಸಣ್ಣ ದುಂಡು, ಅಷ್ಟೆ. ಅವರು ಉಳಿ ತೆಗೆದರು. ಮೂಲೆಗೆ ಎರಡೇ ಏಟು. ಚೂರು ಹಾರಿ ಚೂಪಾದ ಮೂಲೆ ಕಣ್ಣು ಬಿಟ್ಟಿತು.

ಈಗ ಬಾಗಿಲಿಗೊಂದು ದರ, ಮೂಲೆಗೊಂದು ದರ. ಮೊನ್ನೆ ಬಂದ ಗಿರಾಕಿಯೊಬ್ಬರು ಮೂವತ್ತಾರು ಮೂಲೆಗಳನ್ನು ಎಣಿಸಿ, ದುಂಡಾಗಿಯೇ ಇರಲಿ ಬಿಡಿ ಎಂದರು. ಆಚಾರ್ರು ಒಪ್ಪಲಿಲ್ಲ, ಬಿಟ್ಟಿಯಾಗಿಯೇ ಮೂಲೆ ತಿದ್ದಿಕೊಟ್ಟರು. ಮಗ ಯಂತ್ರದ ದೂಳು ಒರೆಸುತ್ತ ನಿಂತಿದ್ದ. ತೋರಣಗಲ್ಲಿನ ಅರ್ಜಿಯನ್ನು ಅವನು ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.