5 ಮಿಲಿಗ್ರಾಂ ಮಾತ್ರೆಯ ಜೊತೆ ನಾವು ಮೂವರು

ಊರಿಗೆ ವಿಡಿಯೋ ಕಾಲ್ ಮಾಡಿದರೆ ಮನೆಯವರಿಗೆ ಖುಷಿಯೋ ಖುಷಿ. “ಅಲ್ಲಿಯ ನೀರು ನಿಂಗೆ ಹಿಡಿಸಿದೆ, ಕೆನ್ನೆ ತುಂಬಿ ಬಂದಿದೆ” ಅಂತಾರೆ. ನಾವೂ ಹೂಂ ಅನ್ನುತ್ತೇವೆ. ಗಲ್ಫಿಗೆ ಹೋದವರು ದಪ್ಪಗಾದರೆ ಸಂಪಾದನೆ ಚೆನ್ನಾಗಿದೆ ಅಂತ ಊರಿನ ಲೆಕ್ಕ. ಈ ಕೆನ್ನೆ ಸಂಬಳದ್ದಲ್ಲ, ಸ್ಟೀರಾಯ್ಡ್ ಮಾತ್ರೆಯದ್ದು ಎಂದು ಫೋನಿನಲ್ಲಿ ಹೇಗೆ ಬಿಡಿಸಿ ಹೇಳುವುದು ಮಾರಾಯ್ರೆ?

ಶಾರ್ಜಾದ ಒಂದೇ ಕಟ್ಟಡದಲ್ಲಿ ಈ ಮಾತ್ರೆ ನುಂಗುವ ಕನ್ನಡದವರು ನಾವು ಮೂವರಿದ್ದೇವೆ. ಮೂವರೂ ಕೂತು ಮಾತಾಡಿಯೇ ಇದನ್ನು ಬರೆಯುತ್ತಿದ್ದೇವೆ. ಒಬ್ಬರು ಹೋಟೆಲಿನ ಅಡುಗೆಯವರು, ಅವರಿಗೆ ರುಮಟಾಯ್ಡ್ ಸಂಧಿವಾತ. ಒಬ್ಬರು ವ್ಯಾನ್ ಡ್ರೈವರ್, ಅವರದ್ದು ಶ್ವಾಸಕೋಶದ ಸಾರ್ಕೊಯಿಡೋಸಿಸ್. ಇನ್ನೊಬ್ಬರು ನರ್ಸ್, ಅವರಿಗೆ ಲೂಪಸ್. ಕಾಯಿಲೆ ಬೇರೆ ಬೇರೆ, ಮಾತ್ರೆ ಒಂದೇ, ಪ್ರೆಡ್ನಿಸೊಲೋನ್. ಶುರುವಿನಲ್ಲಿ ಡೋಸ್ ಜಾಸ್ತಿ ಇತ್ತು. ಇಳಿಸಿ ಇಳಿಸಿ ಈಗ ಇಬ್ಬರಿಗೆ 5 ಮಿಲಿಗ್ರಾಂ, ಒಬ್ಬರಿಗೆ ಏಳೂವರೆಗೆ ನಿಂತಿದೆ. ನಿಂತು ವರ್ಷಗಳೇ ಆದವು.

ಮಾತ್ರೆಯನ್ನು ಬೈಯುವುದಕ್ಕೆ ಬರೆಯುತ್ತಿಲ್ಲ. ಅಡುಗೆಯವರಿಗೆ ಬೆಳಗಿನ ಜಾವ 4 ಗಂಟೆಗೆ ಡ್ಯೂಟಿ. ಮಾತ್ರೆ ಶುರುವಾಗುವ ಮುಂಚೆ ಬೆರಳು ಮಡಚುವುದಕ್ಕೇ ಎರಡು ಗಂಟೆ ಬೇಕಿತ್ತು; 2 ಗಂಟೆಗೇ ಎದ್ದು ಬಿಸಿನೀರಿನಲ್ಲಿ ಕೈ ಅದ್ದಿ ಕೂರುತ್ತಿದ್ದರು. ಸಟ್ಟುಗ ಹಿಡಿಯಲಾಗದ ಅಡುಗೆಯವರನ್ನು ಯಾವ ಹೋಟೆಲು ಇಟ್ಟುಕೊಳ್ತದೆ? ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಇನ್ಶೂರೆನ್ಸೂ ಹೋಯಿತು. ಮಾತ್ರೆ ನುಂಗಿದ ಮೂರನೇ ದಿನ ಬೆರಳು ಸಡಿಲವಾದವು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನವರು ಕಾರ್ಟಿಸೋನನ್ನು ಮೊದಲ ಸಲ ಸಂಧಿವಾತದ ರೋಗಿಗೆ ಕೊಟ್ಟಾಗಲೂ ಹೀಗೇ ಆಗಿತ್ತು. ನಡೆಯುವುದೇ ಕಷ್ಟವಾಗಿದ್ದ ಹೆಂಗಸು ಕೆಲವೇ ದಿನದಲ್ಲಿ ಎದ್ದು ಓಡಾಡಿದಳು. ಎರಡು ವರ್ಷಕ್ಕೆ ನೊಬೆಲ್ ಬಹುಮಾನವೂ ಬಂತು. ಬಿಲ್ಲು ಮಾತ್ರ ನಿಧಾನಕ್ಕೆ ಬರುತ್ತದೆ.

ನಮಗೆ ಬಂದ ಬಿಲ್ಲು ಹೀಗೆ. ಹಸಿವು ಸುಮ್ಮನಿರುವುದಿಲ್ಲ, ಅಡುಗೆಮನೆಯಲ್ಲೇ ನಿಂತಿರುವವರಿಗಂತೂ ಕೇಳುವುದೇ ಬೇಡ. ಚರ್ಮ ತೆಳ್ಳಗಾಗಿ, ರಟ್ಟಿನ ಪೆಟ್ಟಿಗೆಯ ಅಂಚು ತಾಗಿದರೂ ಮುಂಗೈಯಲ್ಲಿ ನೇರಳೆ ಕಲೆ. ರಾತ್ರಿ ಡ್ಯೂಟಿಯ ಗಡಿಬಿಡಿಯಲ್ಲಿ ಮಾತ್ರೆ ಸಂಜೆಗೆ ಹೋದರೆ ಆವತ್ತು ನಿದ್ದೆ ಇಲ್ಲ, ಮರುದಿನ ರೂಮಿನವರ ಮೇಲೆ ಸಿಡಿಮಿಡಿ. ಅದಕ್ಕೇ ಬೆಳಿಗ್ಗೆ ತಿಂಡಿಯ ಜೊತೆ ತಗೊಳ್ಳಿ ಅನ್ನುವುದು. ಶರೀರ ತಾನಾಗಿ ಈ ಹಾರ್ಮೋನನ್ನು ಹೆಚ್ಚು ಮಾಡುವುದೂ ಬೆಳಿಗ್ಗೆಯೇ.

ಸಕ್ಕರೆಯದ್ದು ಸ್ವಲ್ಪ ಮೋಸದ ಆಟ. ಖಾಲಿ ಹೊಟ್ಟೆಯಲ್ಲಿ ನೋಡಿದರೆ ಎಷ್ಟೋ ಸಲ ಸರಿಯಾಗೇ ಇರುತ್ತದೆ. ಬೆಳಿಗ್ಗೆ ನುಂಗಿದ ಮಾತ್ರೆ ಮಧ್ಯಾಹ್ನದ ಊಟದ ಮೇಲೆ ಸಕ್ಕರೆಯನ್ನು ಏರಿಸುತ್ತದೆ. ನಮ್ಮ ನರ್ಸ್ ಹೇಳಿದ ಮೇಲೆ ಉಳಿದಿಬ್ಬರೂ ಮಧ್ಯಾಹ್ನ ಊಟವಾಗಿ ಎರಡು ಗಂಟೆಗೆ ನೋಡಿಸಿಕೊಂಡರು. ಡ್ರೈವರ್‌ಗೆ ಅಲ್ಲೇ ಸಿಕ್ಕಿಬಿತ್ತು.

ಡ್ರೈವರ್‌ಗೆ ಇನ್ನೊಂದೂ ಉಂಟು. ರಾತ್ರಿ ಎಮಿರೇಟ್ಸ್ ರೋಡಿನಲ್ಲಿ ಎದುರಿನ ಲಾರಿಗಳ ಲೈಟು ಹೂವಿನ ಹಾಗೆ ಅರಳಿ ಕಣ್ಣು ತುಂಬುತ್ತಿತ್ತು. ಹಗಲು ಬೋರ್ಡು ಓದುವುದಕ್ಕೆ ಏನೂ ತೊಂದರೆ ಇಲ್ಲ. ಕನ್ನಡಕದ ನಂಬರು ಎಂದುಕೊಂಡು ಹೋದರೆ, ಕಣ್ಣಿನ ಡಾಕ್ಟರು ನೋಡಿದ ತಕ್ಷಣ “ಸ್ಟೀರಾಯ್ಡ್ ತಗೊಳ್ತೀರಾ?” ಎಂದು ಕೇಳಿದರು. ಮಸೂರದ ಹಿಂಭಾಗದಲ್ಲಿ ಪೊರೆ ಶುರುವಾಗಿದೆ. ಈಗ ಕಂಪನಿಯಲ್ಲಿ ಕೇಳಿಕೊಂಡು ಹಗಲಿನ ರೂಟಿಗೆ ಬಂದಿದ್ದಾರೆ. ಆಪರೇಷನ್ ಯಾವಾಗ ಎಂಬುದು ಇನ್ಶೂರೆನ್ಸಿನ ಉತ್ತರದ ಮೇಲೆ ನಿಂತಿದೆ. ಕಣ್ಣಿನ ಒತ್ತಡವೂ ಏರಬಹುದು, ಅದಕ್ಕೆ ನೋವೇ ಇರುವುದಿಲ್ಲ. ನಾವು ಮೂವರೂ ವರ್ಷಕ್ಕೊಮ್ಮೆ ತೋರಿಸುತ್ತೇವೆ. ಮೂಳೆಯೂ ಹಾಗೆಯೇ, ಸದ್ದಿಲ್ಲದೆ ಸವೆಯುತ್ತದೆ. ಇಷ್ಟು ಬಿಸಿಲಿನ ದೇಶದಲ್ಲಿ ವಿಟಮಿನ್ ಡಿ ಕಡಿಮೆ ಅಂದರೆ ಊರಲ್ಲಿ ನಗುತ್ತಾರೆ. ಆದರೆ ಇಲ್ಲಿ ಬಿಸಿಲಿಗೆ ಮೈ ಕೊಡುವವರು ಯಾರು? ಎಸಿಯಿಂದ ಎಸಿಗೆ ಓಡುವುದೇ ನಮ್ಮ ಜೀವನ.

ಇದೆಲ್ಲ ಒಂದು ತೂಕವಾದರೆ, ಊರಿಗೆ ರಜೆಗೆ ಹೋಗುವಾಗಿನ ಅಪಾಯ ಇನ್ನೊಂದು ತೂಕ. ಪಕ್ಕದ ಕ್ಯಾಂಪಿನಲ್ಲಿ ದಾವಣಗೆರೆ ಕಡೆಯವರೊಬ್ಬರು ಇದೇ ಮಾತ್ರೆಯಲ್ಲಿದ್ದರು. ರಜೆಗೆ ಹೋದಾಗ ಯಾರೋ “ಸ್ಟೀರಾಯ್ಡ್ ವಿಷ, ಬಿಟ್ಟುಬಿಡು” ಎಂದು ಹೇಳಿ ಹೆಸರಿಲ್ಲದ ಪುಡಿಯೊಂದನ್ನು ಕೊಟ್ಟರು. ಮೊದಲು ಕೀಲುನೋವು ತಿರುಗಿ ಬಂತು. ಆಮೇಲೆ ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ, ಬಿಪಿ ಪಾತಾಳಕ್ಕೆ. ಆಸ್ಪತ್ರೆಯ ಎಳೆಯ ಡಾಕ್ಟರೊಬ್ಬರು “ಮುಂಚೆ ಯಾವ ಮಾತ್ರೆ ತಗೊಳ್ತಿದ್ರಿ?” ಎಂದು ಕೇಳಿ ಇಂಜೆಕ್ಷನ್, ಸಲೈನ್ ಕೊಟ್ಟರು. ಆ ಪ್ರಶ್ನೆ ಬಾರದಿದ್ದರೆ ಅವರು ಇವತ್ತು ಇರುತ್ತಿರಲಿಲ್ಲ. (ಪುಡಿಯ ವಿಷಯ: ಕೀಲುನೋವಿನ ಇಂಥ ಕೆಲವು ಪುಡಿಗಳನ್ನು ಪರೀಕ್ಷಿಸಿದಾಗ ಒಳಗೆ ಸ್ಟೀರಾಯ್ಡೇ ಸಿಕ್ಕಿದ್ದುಂಟು!)

ಯಾಕೆ ಹೀಗಾಗುತ್ತದೆ ಅಂದರೆ, ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟ ಹಾಗೆ ಎರಡು ಸಣ್ಣ ಗ್ರಂಥಿಗಳಿವೆ. ಅವು ದಿನಕ್ಕೆ ಮಾಡುವ ಹಾರ್ಮೋನು ಹೆಚ್ಚುಕಡಿಮೆ 5 ಮಿಲಿಗ್ರಾಂ ಪ್ರೆಡ್ನಿಸೊಲೋನಿಗೆ ಸಮ. ಹೊರಗಿನಿಂದ ದಿನಾ ಅಷ್ಟು ಬರುತ್ತಿದ್ದರೆ ಗ್ರಂಥಿ ಮಲಗಿಬಿಡುತ್ತದೆ. ಒಮ್ಮೆಲೇ ಮಾತ್ರೆ ನಿಲ್ಲಿಸಿದರೆ ಅದು ಎಚ್ಚರವಾಗುವುದಕ್ಕೆ ತಿಂಗಳುಗಳೇ ಬೇಕು. ಬಿಡುವುದಾದರೂ ಡಾಕ್ಟರ ಲೆಕ್ಕದಲ್ಲಿ ಮೆಲ್ಲ ಮೆಲ್ಲ ಇಳಿಸಿಯೇ ಬಿಡಬೇಕು. ಜೋರು ಜ್ವರ, ಆಕ್ಸಿಡೆಂಟ್, ಆಪರೇಷನ್ ಬಂದರೆ ಶರೀರಕ್ಕೆ ಇನ್ನೂ ಹೆಚ್ಚು ಬೇಕಾಗುತ್ತದೆ, ಮಲಗಿದ ಗ್ರಂಥಿ ಕೊಡುವುದಿಲ್ಲ. ಜ್ವರ ಬಂದಾಗ ಎಷ್ಟು ಏರಿಸಬೇಕೆಂದು ನಾವು ಆರೋಗ್ಯವಾಗಿದ್ದಾಗಲೇ ಡಾಕ್ಟರಲ್ಲಿ ಬರೆಸಿಕೊಂಡಿದ್ದೇವೆ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕಾಯುವಂತಿಲ್ಲ, ಎಮರ್ಜೆನ್ಸಿಗೇ ಹೋಗಬೇಕು. ಡ್ರೈವರ್ ರಂಜಾನಿಗೆ ಮೊದಲು ಡಾಕ್ಟರನ್ನು ಕೇಳಿಯೇ ಉಪವಾಸ ಹಿಡಿಯುತ್ತಾರೆ. ಮಾತ್ರೆ ಸಹರಿಯ ಊಟದ ಜೊತೆ. ತಲೆ ತಿರುಗಿದರೆ ಆವತ್ತಿನ ಉಪವಾಸ ಅಲ್ಲಿಗೇ ಬಿಡುವುದು. ಮೈಕೈ ನೋವಿಗೆ ರೂಮಿನವರು ಕೊಡುವ ಡೈಕ್ಲೊಫೆನಾಕ್ ನಮಗಲ್ಲ. ಸ್ಟೀರಾಯ್ಡ್ ಜೊತೆ ಅದು ಸೇರಿದರೆ ಹೊಟ್ಟೆಹುಣ್ಣಾಗಿ ರಕ್ತ ಬರಬಹುದು.

ನರ್ಸ್ ನಮ್ಮ ಮೂವರಿಗೂ ಒಂದೊಂದು ಚೀಟಿ ಬರೆದು ಪ್ಲಾಸ್ಟಿಕ್ ಹಾಕಿಸಿ ಕೊಟ್ಟಿದ್ದಾರೆ. ಮಾತ್ರೆಯ ಹೆಸರು, ಡೋಸ್, ಎಷ್ಟು ವರ್ಷದಿಂದ, ಒಮ್ಮೆಲೇ ನಿಲ್ಲಿಸಬಾರದು ಎಂದು ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ. ಎಮಿರೇಟ್ಸ್ ಐಡಿಯ ಹಿಂದೆ ಪರ್ಸಿನಲ್ಲಿ ಇರುತ್ತದೆ. ಮುಂದಿನ ವಾರ ಡ್ರೈವರ್ ಮಂಗಳೂರಿಗೆ ಹೊರಟಿದ್ದಾರೆ, 45 ದಿನದ ರಜೆ. ಮೊನ್ನೆ ರಾತ್ರಿ ಮೂವರೂ ಕೂತು 60 ಮಾತ್ರೆ ಎಣಿಸಿದೆವು, ಟಿಕೆಟ್ ಮುಂದೆ ಹೋದರೂ ಇರಲಿ ಎಂದು. ಅರ್ಧ ಹ್ಯಾಂಡ್ ಬ್ಯಾಗಿನಲ್ಲಿ ಡಾಕ್ಟರ ಚೀಟಿಯ ಜೊತೆ, ಇನ್ನರ್ಧ ಪೆಟ್ಟಿಗೆಯಲ್ಲಿ ಮಕ್ಕಳ ಚಾಕಲೇಟಿನ ಪಕ್ಕ.