ಮಕ್ಕಳು ಬೆಳೆಯುವಾಗ ಮನೆ ಮಾತಾಡಬೇಕು

ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಆಡಳಿತ ಆಂಧ್ರದ್ದು, ಆದರೆ ಎಷ್ಟೋ ಮನೆಗಳ ಮಾತು ಕನ್ನಡ. ಒಂದು ಕಡೆ ಬಳ್ಳಾರಿ, ಇನ್ನೊಂದು ಕಡೆ ಶಿರಾ, ಪಾವಗಡ. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಈ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಹಲವು ವರ್ಷ ವಿಜ್ಞಾನ ಕಲಿಸಿದವಳು ನಾನು.

ಇಲ್ಲಿನ ಮಕ್ಕಳು ಜಾಣರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಯಾವುದಕ್ಕೆ ಕೇಳಿದರೂ ಎರಡೆರಡು ಹೆಸರು ಹೇಳುತ್ತಾರೆ. ಆದರೆ ಮನುಷ್ಯನ ಸಂತಾನೋತ್ಪತ್ತಿಯ ಪಾಠ ಬಂದರೆ ಎಲ್ಲರ ತಲೆಯೂ ಕೆಳಗೆ. ಅಂಡಾಶಯ, ಗರ್ಭಕೋಶ, ವೃಷಣ ಎಂಬ ಪುಸ್ತಕದ ಪದಗಳು ಪರೀಕ್ಷೆಗೆ ಮಾತ್ರ. ತಮ್ಮದೇ ಮೈಯಲ್ಲಿ ಆಗುತ್ತಿರುವುದನ್ನು ಹೇಳಲು ಅವರಿಗೆ ಯಾವ ಭಾಷೆಯಲ್ಲೂ ಮಾತಿಲ್ಲ.

ಒಮ್ಮೆ ಏಳನೇ ತರಗತಿಯ ಹುಡುಗಿಯೊಬ್ಬಳು ಮಧ್ಯಾಹ್ನದ ಊಟಕ್ಕೂ ಏಳದೆ ಬೆಂಚಿನಲ್ಲೇ ಕೂತಿದ್ದಳು. ಪಕ್ಕದಲ್ಲಿ ಕೂತು ಕೇಳಿದೆ. "ಟೀಚರ್, ಹೊಟ್ಟೆಯಲ್ಲಿ ಏನೋ ಒಡೆದಿದೆ. ನಾನು ಸಾಯ್ತೀನಿ. ಅಮ್ಮನಿಗೆ ಹೇಳಬೇಡಿ" ಎಂದಳು. ಆ ಮಗು ಅಷ್ಟು ಹೊತ್ತು ಒಬ್ಬಳೇ ಸಾವಿನ ಭಯ ಹೊತ್ತುಕೊಂಡಿತ್ತು. ಅದನ್ನು ಇಳಿಸಲು ನನಗೆ ಬೇಕಾದದ್ದು ಐದು ನಿಮಿಷ.

ಅವಳಿಗೆ ಹೇಳಿದ್ದು ಇಷ್ಟೇ: ಹೆಣ್ಣಿನ ಅಂಡಾಶಯದಿಂದ ಸಾಮಾನ್ಯವಾಗಿ ತಿಂಗಳಿಗೊಂದು ಅಂಡಾಣು ಹೊರಬರುತ್ತದೆ. ಮಗು ನಿಂತರೆ ಬೇಕಾಗುತ್ತದೆಂದು ಗರ್ಭಕೋಶದ ಒಳಪದರ ದಪ್ಪವಾಗಿ ಸಿದ್ಧವಾಗಿರುತ್ತದೆ. ಬೇಡವಾದಾಗ ಅದು ರಕ್ತದೊಡನೆ ಕಳಚಿ ಹೋಗುತ್ತದೆ. ಅದೇ ಮುಟ್ಟು. ಮೊದಲ ಒಂದೆರಡು ವರ್ಷ ಲೆಕ್ಕ ಹಿಂದುಮುಂದಾಗುವುದು ಸಹಜ. ಇದು ಕಾಯಿಲೆಯಲ್ಲ, ಕೊಳೆಯೂ ಅಲ್ಲ.

ಹುಡುಗರ ಭಯ ಬೇರೆ. ದನಿ ಒಡೆಯುತ್ತದೆ, ಮೀಸೆ ಚಿಗುರುತ್ತದೆ, ನಿದ್ದೆಯಲ್ಲಿ ವೀರ್ಯ ಹೋಗುತ್ತದೆ. ಇದೂ ಸಹಜವೇ, ಇದರಿಂದ ಶಕ್ತಿ ಕುಂದುವುದಿಲ್ಲ. ಅಪ್ಪ ಹೇಳದಿದ್ದರೆ ಬಸ್ ಸ್ಟ್ಯಾಂಡಿನ ಗೋಡೆಯ 'ಗುಪ್ತರೋಗ' ಜಾಹೀರಾತು ಹೇಳುತ್ತದೆ. ಈಗಂತೂ ಮೊಬೈಲ್ ಕೈಯಲ್ಲೇ ಇದೆ. ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಿಂದ ನಿಶ್ಚಯವಾಗುತ್ತದೆ ಎಂಬುದೂ ಇದೇ ಪಾಠದಲ್ಲಿದೆ. ಗಂಡುಮಕ್ಕಳು ಇದನ್ನು ಹದಿನಾಲ್ಕರಲ್ಲಿ ಸರಿಯಾಗಿ ಕಲಿತರೆ, ಹೆಣ್ಣು ಹೆತ್ತಳೆಂದು ಹೆಂಡತಿಯನ್ನು ದೂರುವ ಬಾಯಿಗಳು ಮುಂದೆ ಕಡಿಮೆಯಾಗುತ್ತವೆ.

ನಮ್ಮ ಕಡೆ ಮುಟ್ಟಿಗೆ 'ಹೊರಗಾಗುವುದು' ಎನ್ನುತ್ತಾರೆ. ತುಮಕೂರು, ಚಿತ್ರದುರ್ಗದ ಗೊಲ್ಲರಹಟ್ಟಿಗಳಲ್ಲೂ ಮಡಕಶಿರಾ ಕಡೆಯ ಹಟ್ಟಿಗಳಲ್ಲೂ ಮುಟ್ಟಾದವರು, ಬಾಣಂತಿಯರು ನಿಜವಾಗಿಯೇ ಊರ ಹೊರಗೆ ಇರಬೇಕಾದ ಪದ್ಧತಿ ಕಂಡುಬಂದಿದೆ. ಅವರನ್ನು ಟೀಕಿಸುವುದು ಸುಲಭ. ಆದರೆ ನಮ್ಮ ಕ್ರೈಸ್ತ ಮನೆಗಳಲ್ಲಿ ಆ ದಿನಗಳಲ್ಲಿ ಮಗಳು ಪೀಠದ ಹತ್ತಿರ ಹೋಗಲು ಹಿಂಜರಿಯುವುದಿಲ್ಲವೇ? ಒಗೆದ ಬಟ್ಟೆಯನ್ನು ಬಿಸಿಲಿಗೆ ಹಾಕದೆ ಕತ್ತಲ ಮೂಲೆಯಲ್ಲಿ ಬಚ್ಚಿಟ್ಟು ಸೋಂಕು ತಂದುಕೊಳ್ಳುವುದಿಲ್ಲವೇ?

ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯವನ್ನು ಓದಿ ನೋಡಿ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಜನರ ನಡುವೆ ನುಸುಳಿ ಬಂದು ಯೇಸುಸ್ವಾಮಿಯ ಉಡುಪನ್ನು ಮುಟ್ಟುತ್ತಾಳೆ. ಆ ಕಾಲದ ಕಟ್ಟಳೆಯಂತೆ ಅವಳು ಯಾರನ್ನೂ ಮುಟ್ಟುವಂತಿರಲಿಲ್ಲ. ಸ್ವಾಮಿ ಅವಳನ್ನು ಗದರಲಿಲ್ಲ, ಎಲ್ಲರ ಮುಂದೆ ಮಗಳೇ ಎಂದು ಕರೆದರು. ಮಾತೆ ಮರಿಯಮ್ಮನೂ ದೇವದೂತನನ್ನು, ಇದು ಹೇಗೆ ಸಾಧ್ಯ ಎಂದು ಕೇಳಿದರು. ದೂತನು ಉತ್ತರ ಕೊಟ್ಟನು. ಕೇಳುವುದು ಪಾಪವಲ್ಲ.

ಧರ್ಮಸಭೆಯೂ ಈ ವಿಷಯದಲ್ಲಿ ಮೌನವಾಗಿಲ್ಲ. ಲೈಂಗಿಕ ಶಿಕ್ಷಣ ತಂದೆತಾಯಿಗಳ ಮೂಲ ಹಕ್ಕು, ಕರ್ತವ್ಯ ಎಂದು ವಿಶ್ವಗುರು ಎರಡನೇ ಜಾನ್ ಪೌಲರು 1981ರಲ್ಲಿ ಕುಟುಂಬ ಕುರಿತ ಪತ್ರದಲ್ಲಿ ಬರೆದರು. ವಿಶ್ವಗುರು ಫ್ರಾನ್ಸಿಸರು 2016ರ 'ಅಮೋರಿಸ್ ಲೆತೀಸಿಯ'ದಲ್ಲಿ, ವಯಸ್ಸಿಗೆ ತಕ್ಕಂತೆ, ಸಕಾಲದಲ್ಲಿ ಇದನ್ನು ತಿಳಿಸಬೇಕೆಂದರು. ಶಾಲೆ ಮಾಡಲಿ ಎಂದು ಮನೆಯವರು, ಮನೆ ಮಾಡಲಿ ಎಂದು ಶಾಲೆಯವರು ಕೂತರೆ ಮಗು ನಡುವೆ ಅನಾಥ. 2012ರ ಪೋಕ್ಸೊ ಕಾಯ್ದೆ ಮಕ್ಕಳನ್ನು ಕಾಯುತ್ತದೆ, ನಿಜ. ಆದರೆ ಯಾರು ಎಲ್ಲಿ ಮುಟ್ಟಿದರೆಂದು ಹೇಳಲು ಮಗುವಿಗೆ ಮಾತು ಬೇಕಲ್ಲ!

ಹೆಣ್ಣುಮಕ್ಕಳಿಗೆ ಒಂಬತ್ತು ಹತ್ತು ವರ್ಷವಾದಾಗಲೇ ತಾಯಿ, ಅಜ್ಜಿ ಇಲ್ಲವೇ ಚಿಕ್ಕಮ್ಮ ಕೂರಿಸಿಕೊಂಡು ಹೇಳಲಿ. ಗಂಡುಮಕ್ಕಳಿಗೆ ಹನ್ನೊಂದರ ಹೊತ್ತಿಗೆ ತಂದೆ ಹೇಳಲಿ, ಹೆಣ್ಣುಮಕ್ಕಳ ವಿಷಯವನ್ನೂ ಅವರಿಗೆ ತಿಳಿಸಲಿ. ದೊಡ್ಡ ಭಾಷಣ ಬೇಡ. ರಾತ್ರಿ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಸಾಕು. ದೇವರು ನಾಚದೆ ಸೃಷ್ಟಿಸಿದ ದೇಹದ ಬಗ್ಗೆ ನಾವು ನಾಚದೆ, ಗೌರವದಿಂದ ಮಾತಾಡಿದರೆ ಮಕ್ಕಳು ಅದನ್ನು ಗೌರವದಿಂದಲೇ ಕಾಪಾಡಿಕೊಳ್ಳುತ್ತಾರೆ.