ಹತ್ತು ನಿಮಿಷದ ಜೋಗುಳ

ನಿನ್ನೆ ರಾತ್ರಿ ನಿದ್ದೆ ಬರದೆ ಜಾರ್ಜ್ ಶಿಯರಿಂಗ್‌ನ ಜಾಝ್ ಹಾಕಿಕೊಂಡು ಕೂತಿದ್ದೆ. 'ಲಲಬೈ ಆಫ್ ಬರ್ಡ್‌ಲ್ಯಾಂಡ್'. ಹೆಸರಿಗೆ ಜೋಗುಳ, ಆದ್ರೆ ಬರಬೇಕಿದ್ದ ನಿದ್ದೆಯೂ ಹೋಯ್ತು :)

1919ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈತ ಹುಟ್ಟುಕುರುಡ. ಒಂಬತ್ತು ಮಕ್ಕಳಲ್ಲಿ ಕೊನೆಯವನು. ಅಪ್ಪ ಮನೆಮನೆಗೆ ಕಲ್ಲಿದ್ದಲು ಹಾಕುತ್ತಿದ್ದ, ಅಮ್ಮ ರಾತ್ರಿ ಹೊತ್ತು ರೈಲು ಬೋಗಿ ತೊಳೆಯುತ್ತಿದ್ದಳು. ಮುಂದೆ ಓದಲು ವಿದ್ಯಾರ್ಥಿವೇತನ ಸಿಕ್ಕರೂ ಬಿಟ್ಟು, ವಾರಕ್ಕೆ 25 ಶಿಲ್ಲಿಂಗಿಗೆ ಪಬ್ಬೊಂದರಲ್ಲಿ ಪಿಯಾನೋ ನುಡಿಸಲು ಹೋದ! ಅಕಾರ್ಡಿಯನ್ನೂ ನುಡಿಸುತ್ತಿದ್ದ, ನಮ್ಮ ಹಾರ್ಮೋನಿಯಮ್ಮನ್ನೇ ಎದೆಗೆ ತಗುಲಿಸಿಕೊಂಡ ಹಾಗಿರುತ್ತಲ್ಲ, ಅದು. 1947ರಲ್ಲಿ ಅಮೆರಿಕಾಕ್ಕೆ ಹೋದ. 1949ರಲ್ಲಿ ಐವರ ತಂಡ ಕಟ್ಟಿದ. ಪಿಯಾನೋ, ವೈಬ್ರಾಫೋನ್, ಗಿಟಾರ್ ಮೂರೂ ಒಂದೇ ಧಾಟಿ ಹಿಡಿದು ಹೋಗುವ ಆ ನಾದ... ಕೇಳಿಯೇ ತಿಳಿಯಬೇಕು.

ಈ ಜೋಗುಳ 1952ರದ್ದು, ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿಗಾಗಿ ಮಾಡಿದ್ದು. ಹತ್ತೇ ನಿಮಿಷದಲ್ಲಿ ಹುಟ್ಟಿತಂತೆ. ಆದರೆ ಆ ಹತ್ತು ನಿಮಿಷದ ಹಿಂದೆ ಎಷ್ಟೋ ವರ್ಷಗಳ ದುಡಿಮೆ ಇತ್ತು ಅಂತ ಅವನೇ ಹೇಳುತ್ತಿದ್ದ. 2007ರಲ್ಲಿ 'ಸರ್' ಆದ, 2011ರಲ್ಲಿ ತೀರಿಕೊಂಡ.

ಪಿಯುಸಿ ಮುಗಿದಾಗ ನಾನು ಹಾರ್ಮೋನಿಯಂ ಮುಚ್ಚಿಟ್ಟು ಇಂಜಿನಿಯರಿಂಗ್ ಸೇರಿದೆ. ಅಪ್ಪ ಬಲವಂತ ಮಾಡಿದರು ಅಂತ ಎಲ್ಲರ ಹತ್ರ ಹೇಳಿಕೊಂಡು ಬಂದಿದ್ದೀನಿ. ಸುಳ್ಳು. ಅವರು ಏನೂ ಅನ್ನಲಿಲ್ಲ, ಹೆದರಿದ್ದು ನಾನು. ಹತ್ತು ನಿಮಿಷ ಇವತ್ತೂ ನನ್ನ ಹತ್ರ ಇದೆ, ಅದರ ಹಿಂದಿರಬೇಕಾದ ವರ್ಷಗಳಿಲ್ಲ.

ಬೆಳಿಗ್ಗೆ ಎದ್ದು ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಎರಡು ಮನೆ ಉಲಿಯುತ್ತಲೇ ಇಲ್ಲ. ಹಾರ್ಮೋನಿಯಂ ರಿಪೇರಿ ಮಾಡುವವರು ಯಾರಾದರೂ ಗೊತ್ತಿದ್ರೆ ಹೇಳ್ತೀರಾ?